ಒಂದು ಎಕರೆಗೆ ಎಷ್ಟು ಬೆಲೆ?

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನ ಆಸುಪಾಸಿನಲ್ಲಿ ಒಂದು ಎಕರೆ ಹೊಲದ ಬೆಲೆ ಎಷ್ಟೆಂದು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ಪಹಣಿಯಲ್ಲಿ ಒಂದು ಮೊತ್ತ, ನೋಂದಣಿ ಕಚೇರಿಯಲ್ಲಿ ಇನ್ನೊಂದು, ಕೊಳ್ಳುವವರ ಬಾಯಲ್ಲಿ ಮತ್ತೊಂದು. ಈ ವ್ಯತ್ಯಾಸದ ಹಿಂದೆ ದೀರ್ಘ ಇತಿಹಾಸವಿದೆ.

ಹಿಂದೆ ಮೈಸೂರು ಸೀಮೆಯಲ್ಲಿ ಭೂಮಿಯನ್ನು ಬಿತ್ತನೆ ಬೀಜದ ಲೆಕ್ಕದಲ್ಲಿ ಹೇಳುತ್ತಿದ್ದರು: ಇಷ್ಟು ಖಂಡುಗದ ಗದ್ದೆ, ಇಷ್ಟು ಕೊಳಗದ ಹೊಲ. ಊರಿಂದೂರಿಗೆ ಈ ಅಳತೆ ಬದಲಾಗುತ್ತಿದ್ದುದರಿಂದ ಕಂದಾಯವನ್ನು ಹೋಲಿಸಿ ನೋಡುವುದು ಕಷ್ಟವಾಗಿತ್ತು.

1863ರಲ್ಲಿ, ಬೌರಿಂಗ್ ಅವರು ಕಮಿಷನರ್ ಆಗಿದ್ದಾಗ, ಮುಂಬಯಿ ಪ್ರಾಂತದ ಮಾದರಿಯಲ್ಲಿ ಸರ್ವೆ ಮತ್ತು ಬಂದೋಬಸ್ತು ಆರಂಭವಾಯಿತು. ಈ ಪದ್ಧತಿಯ ಅಳತೆಗೆ 33 ಅಡಿಯ ಸರಪಳಿಯೇ ಆಧಾರ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. 40 ಗುಂಟೆ ಒಂದು ಎಕರೆ. ಅನಂತರ ಮಣ್ಣಿನ ಪರೀಕ್ಷೆ. ಮುಂಬಯಿ ಪದ್ಧತಿಯಲ್ಲಿ ಆಳವಾದ ಉತ್ತಮ ಮಣ್ಣಿಗೆ 16 ಆಣೆ; ಕಲ್ಲು, ಮರಳು, ಇಳಿಜಾರು ಇದ್ದರೆ ದರ್ಜೆ ಇಳಿದು 2 ಆಣೆಯವರೆಗೂ ಬರುತ್ತಿತ್ತು. ಹವಾಮಾನ, ಸಂತೆಪೇಟೆಯ ದೂರ ಇವುಗಳನ್ನೂ ಗಮನಿಸಿ ಹಳ್ಳಿಗಳ ಗುಂಪಿಗೆ ಗರಿಷ್ಠ ದರ ನಿಗದಿ ಮಾಡುತ್ತಿದ್ದರು. ಹೀಗೆ ಹುಟ್ಟಿದ್ದೇ 'ಆಕಾರ'. ಅದು ಸರ್ಕಾರಕ್ಕೆ ಸಲ್ಲಬೇಕಾದ ಕಂದಾಯವೇ ಹೊರತು ಭೂಮಿಯ ಮಾರಾಟದ ಬೆಲೆಯಲ್ಲ.

ಮಾರಾಟದ ಬೆಲೆ ಮುಖ್ಯವಾಗುವುದು ಸರ್ಕಾರ ಭೂಮಿಯನ್ನು ವಶಪಡಿಸಿಕೊಂಡಾಗ. 1894ರ ಕಾಯಿದೆ ಮಾರುಕಟ್ಟೆ ಬೆಲೆಯ ಮೇಲೆ ಶೇಕಡ 15ರಷ್ಟು ಹೆಚ್ಚುವರಿ ಹಣವನ್ನು ಕೊಡಿಸುತ್ತಿತ್ತು. 1984ರಲ್ಲಿ ಅದು ಶೇಕಡ 30 ಆಯಿತು. ಆದರೆ ಮಾರುಕಟ್ಟೆ ಬೆಲೆಗೆ ಮುಖ್ಯ ಸಾಕ್ಷಿ ಅಕ್ಕಪಕ್ಕದ ಜಮೀನುಗಳ ಕ್ರಯಪತ್ರ. ಮುದ್ರಾಂಕ ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ಹಣ ಬರೆಸಿದ್ದರೆ, ಆ ಪತ್ರವೇ ನೆರೆಯ ರೈತನ ಪರಿಹಾರವನ್ನು ಕುಗ್ಗಿಸುತ್ತಿತ್ತು. ಇಂಥ ಕಡಿಮೆ ಬರಹವನ್ನು ತಡೆಯಲೆಂದೇ ಸರ್ಕಾರ ಪ್ರದೇಶವಾರು 'ಮಾರ್ಗಸೂಚಿ ಬೆಲೆ'ಯನ್ನು ಪ್ರಕಟಿಸುತ್ತದೆ.

2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯಿದೆ ಮುದ್ರಾಂಕದ ಬೆಲೆ, ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳ ಸರಾಸರಿ ಮುಂತಾದವುಗಳಲ್ಲಿ ಹೆಚ್ಚಿನದನ್ನು ಆಧಾರವಾಗಿ ಹಿಡಿಯುತ್ತದೆ. ಹೆಚ್ಚುವರಿ ಹಣವೂ ಶೇಕಡ 100ಕ್ಕೆ ಏರಿದೆ. ಆದರೂ ಲೆಕ್ಕದ ಮೂಲ ಬರೆದಿಟ್ಟ ಪತ್ರಗಳೇ.

ವಿದ್ಯಾರ್ಥಿಗಳು ತಮ್ಮ ಮನೆಯ ಪಹಣಿಯನ್ನು ಒಮ್ಮೆ ಓದಿ ನೋಡಬೇಕು. ಸರ್ವೆ ನಂಬರು, ವಿಸ್ತೀರ್ಣ, ಖರಾಬು, ಆಕಾರ ಇವು ಏನೆಂದು ಹಿರಿಯರನ್ನು ಕೇಳಿ ತಿಳಿಯಬೇಕು. ಕುಟುಂಬದ ಜೀವನಾಧಾರವಾದ ಭೂಮಿಗೆ ಯಾರು, ಯಾವ ಉದ್ದೇಶಕ್ಕೆ ಬೆಲೆ ಕಟ್ಟುತ್ತಿದ್ದಾರೆಂದು ಅರಿತವರೇ ಅದರ ನ್ಯಾಯವಾದ ಬೆಲೆಯನ್ನು ಕೇಳಬಲ್ಲರು.