ಎರಡನೆಯ ಪ್ರತಿ

ನಮ್ಮ ಸಂಘದ ಸದಸ್ಯರಲ್ಲಿ ಮಗನೋ ಸೊಸೆಯೋ ಕಂಪ್ಯೂಟರ್ ಕೆಲಸದಲ್ಲಿಲ್ಲದ ಮನೆ ಇಂದು ಅಪರೂಪ. ಅಪರಾತ್ರಿಯಲ್ಲಿ ಫೋನು ಬಂದು, ಹಾಸಿಗೆಯ ಮೇಲೆ ಎದ್ದು ಕುಳಿತ ಮಗ "ಬ್ಯಾಕಪ್ ಇದೆ ತಾನೆ?" ಎಂದು ಕೇಳಿದ್ದು ಎಷ್ಟೋ ತಾಯಂದಿರ ಕಿವಿಗೆ ಬಿದ್ದಿರಬಹುದು. ಮುಂಬಯಿಯ ಕಚೇರಿಯೊಂದರ ಗಣಕಯಂತ್ರ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದ ನನಗೆ ಆ ಪ್ರಶ್ನೆಯ ಹಿಂದಿನ ಭಯ ಚೆನ್ನಾಗಿ ಗೊತ್ತು. ಅದರ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲ ಡಿಸ್ಕು ಬಂದದ್ದು 1956ರಲ್ಲಿ, ಅಮೆರಿಕದ ಐ.ಬಿ.ಎಂ. ಕಂಪನಿಯ ರಾಮ್ಯಾಕ್ ಯಂತ್ರದೊಡನೆ. ಎರಡಡಿ ಅಗಲದ ಐವತ್ತು ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದವು. ತೂಕ ಸುಮಾರು ಒಂದು ಟನ್ನು. ಅಷ್ಟರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ, ಎಂದರೆ ಇಂದು ಮೊಮ್ಮಕ್ಕಳು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋದಷ್ಟು. ಇಂಥ ಯಂತ್ರವನ್ನು ಎತ್ತಿ ಬೇರೆಡೆ ಇಡುವಂತಿರಲಿಲ್ಲ. 1962ರಲ್ಲಿ ಅದೇ ಕಂಪನಿ ಹೊರತೆಗೆಯಬಹುದಾದ ಡಿಸ್ಕ್ ಪ್ಯಾಕನ್ನು ತಂದಿತು. ಆರು ತಟ್ಟೆಗಳ ಆ ಕಟ್ಟು ನಾಲ್ಕೂವರೆ ಕಿಲೋದಷ್ಟಿತ್ತು. ಮುಚ್ಚಳ ಹಾಕಿ ಕೈಯಲ್ಲಿ ಹಿಡಿದು ಹೋಗಬಹುದಾಗಿತ್ತು. ಒಂದು ಪ್ಯಾಕಿನಿಂದ ಇನ್ನೊಂದಕ್ಕೆ ಇದ್ದದ್ದನ್ನು ಇದ್ದ ಹಾಗೇ ಇಳಿಸಿಕೊಂಡು ಬೀರುವಿನಲ್ಲಿಡುವುದು ಆಗ ಸಾಧ್ಯವಾಯಿತು. ಡಿಸ್ಕು ದುಬಾರಿ, ಟೇಪು ಅಗ್ಗ. ಆದ್ದರಿಂದ ಬಹುಪಾಲು ಕಚೇರಿಗಳು ರಾತ್ರಿ ಹೊತ್ತು ಡಿಸ್ಕನ್ನು ಟೇಪಿಗೆ ಇಳಿಸುತ್ತಿದ್ದವು.

ಇಲ್ಲೊಂದು ವ್ಯತ್ಯಾಸ ಹೇಳಬೇಕು. ಬೇಕಾದ ಫೈಲುಗಳನ್ನಷ್ಟೇ ನಕಲು ಮಾಡುವುದು ಒಂದು ಬಗೆ. ಇಡೀ ಡಿಸ್ಕನ್ನೇ ನಕಲು ಮಾಡುವುದು ಇನ್ನೊಂದು. ಊರು ಬಿಡುವಾಗ ಪಾತ್ರೆಪಗಡ, ಬಟ್ಟೆಬರೆ ಕಟ್ಟಿಕೊಂಡು ಬಂದವರು ನಾವು; ಒಲೆ ಎಲ್ಲಿತ್ತು, ದೇವರ ಪಟಕ್ಕೆ ಮೊಳೆ ಯಾವ ಗೋಡೆಯಲ್ಲಿತ್ತು ಎಂಬುದು ಗಂಟಿನಲ್ಲಿ ಬರಲಿಲ್ಲ. ಸರ್ವರಿನಲ್ಲಿಯೂ ಹಾಗೆಯೇ. ಯಂತ್ರವನ್ನು ಎಬ್ಬಿಸುವ ಮೊದಲ ಸಾಲುಗಳು, ಯಾರಿಗೆ ಏನು ನೋಡುವ ಅಧಿಕಾರ, ಯಾರೋ ಹತ್ತು ವರ್ಷದ ಹಿಂದೆ ಮಾಡಿ ಮರೆತ ಹೊಂದಾಣಿಕೆಗಳು ಫೈಲುಗಳ ಪಟ್ಟಿಯಲ್ಲಿ ಸುಲಭವಾಗಿ ಬಿಟ್ಟುಹೋಗುತ್ತವೆ. ಇಡೀ ಡಿಸ್ಕಿನ ಪ್ರತಿಯಲ್ಲಿ ಮೊಳೆಯೂ ಬರುತ್ತದೆ.

ಈ ಕೆಲಸದ ಅತಿ ಹಳೆಯ ಸಾಧನಗಳಲ್ಲಿ ಒಂದು ಇಂದಿಗೂ ಬಳಕೆಯಲ್ಲಿದೆ. ಬೆಲ್ ಪ್ರಯೋಗಾಲಯದವರ ಯುನಿಕ್ಸ್‌ನ ಐದನೆಯ ಆವೃತ್ತಿಯಲ್ಲಿ, 1974ರಲ್ಲಿ, ‘ಡಿಡಿ’ ಎಂಬ ಆಜ್ಞೆ ಬಂತು. ಭಾಷೆ ಬಾರದೆ ಅಕ್ಷರ ಮಾತ್ರ ನೋಡಿ ಓಲೆ ಬರೆಯುವ ಲಿಪಿಕಾರನ ಹಾಗೆ ಅದು. ಏನನ್ನು ನಕಲು ಮಾಡುತ್ತಿದ್ದೇನೆಂಬ ಅರಿವು ಅದಕ್ಕಿಲ್ಲ. ತುಂಬಿದ ಜಾಗ, ಖಾಲಿ ಜಾಗ, ಅಳಿಸಿ ಹಾಕಿದ ಕಸ, ಎಲ್ಲವನ್ನೂ ಎತ್ತಿಡುತ್ತದೆ. ಎಲ್ಲಿಂದ, ಎಲ್ಲಿಗೆ ಎಂಬ ಎರಡು ಹೆಸರನ್ನು ಮಾತ್ರ ನಾವು ಕೊಡಬೇಕು. ಅವು ಅದಲುಬದಲಾದರೆ ಖಾಲಿ ಡಿಸ್ಕು ಹೋಗಿ ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಕಸುಬಿನವರು ಅದನ್ನು ‘ಡಿಸ್ಕ್ ಡಿಸ್ಟ್ರಾಯರ್’ ಎಂದು ಹಾಸ್ಯ ಮಾಡುವುದು ಅದಕ್ಕೇ.

1983ರಲ್ಲಿ ನಮ್ಮ ಕಚೇರಿಯ ಡಿಸ್ಕು ಕೆಟ್ಟಿತು. ತಿಂಗಳ ಕೊನೆಯ ವಾರ. ಸಂಬಳದ ಲೆಕ್ಕವೆಲ್ಲ ಅದರಲ್ಲೇ. ನಾವು ಗಾಬರಿಯಾಗಲಿಲ್ಲ, ಏಕೆಂದರೆ ಬೀರುವಿನ ತುಂಬ ಟೇಪುಗಳಿದ್ದವು, ದಿನಾಂಕ ಬರೆದು ಸಾಲಾಗಿ ಇಟ್ಟಿದ್ದೆವು. ಒಂದೊಂದನ್ನೇ ಏರಿಸಿದೆವು, ಒಂದೂ ಓದಲಿಲ್ಲ. ಕಾರಣ ಕೊನೆಗೆ ತಿಳಿಯಿತು. ಟೇಪ್ ಯಂತ್ರದ ಓದುವ ತಲೆ ಎಷ್ಟೋ ತಿಂಗಳಿಂದ ಕೊಂಚ ಓರೆಯಾಗಿತ್ತು. ಓರೆಯಾಗಿ ಬರೆದದ್ದನ್ನು ಅದೇ ಓರೆ ತಲೆ ಸರಿಯಾಗಿಯೇ ಓದುತ್ತಿತ್ತು. ಹಿಂದಿನ ವಾರವಷ್ಟೇ ರಿಪೇರಿಯವರು ಬಂದು ತಲೆಯನ್ನು ನೆಟ್ಟಗೆ ಮಾಡಿ ಹೋಗಿದ್ದರು. ಹಳೆಯ ಕಾಗದದ ಪಟ್ಟಿಗಳನ್ನು ಹಿಡಿದು ಹನ್ನೊಂದು ರಾತ್ರಿ ಕುಳಿತು ಲೆಕ್ಕವನ್ನು ಕೈಯಿಂದ ಮತ್ತೆ ತುಂಬಿದೆವು. ಸಂಬಳ ತಡವಾಯಿತು. ಆ ತಿಂಗಳು ಜವಾನರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಕಥೆ ಮುಂದುವರಿಸೋಣ. 1988ರಲ್ಲಿ ಬರ್ಕ್‌ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ‘ರೇಡ್’ ಪದ್ಧತಿಯ ಬಗ್ಗೆ ಪ್ರಬಂಧ ಬರೆದರು. ಹಲವು ಡಿಸ್ಕುಗಳನ್ನು ಜೊತೆಗೂಡಿಸಿ, ಒಂದು ಸತ್ತರೂ ಕೆಲಸ ನಿಲ್ಲದಂತೆ ಮಾಡುವ ಉಪಾಯ ಅದು. ಇದನ್ನೇ ಬ್ಯಾಕಪ್ ಎಂದುಕೊಂಡು ಕೆಟ್ಟವರು ಬಹಳ. ಜೋಡಿ ಡಿಸ್ಕಿನ ಒಂದರಲ್ಲಿ ತಪ್ಪಿ ಅಳಿಸಿದರೆ ಇನ್ನೊಂದರಲ್ಲಿಯೂ ಅದೇ ಕ್ಷಣ ಅಳಿಸಿಹೋಗುತ್ತದೆ.

1990ರ ದಶಕದ ನಡುವೆ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮರ್ರೇ ಹ್ಯಾಸರ್ಡ್ ಎಂಬವರು ‘ಘೋಸ್ಟ್’ ಬರೆದರು. 1998ರಲ್ಲಿ ಸಿಮ್ಯಾಂಟೆಕ್ ಅದನ್ನು ಕೊಂಡಿತು. ಒಂದು ಕಂಪ್ಯೂಟರನ್ನು ಸಿದ್ಧಮಾಡಿ ಅದರ ತದ್ರೂಪನ್ನು ಮೂವತ್ತಕ್ಕೆ ಹಾಕಬಹುದಾಯಿತು. ಆದರೆ ತದ್ರೂಪೆಂದ ಮೇಲೆ ಹೆಸರೂ ಗುರುತಿನ ಸಂಖ್ಯೆಯೂ ಅದೇ! ಒಂದೇ ರೇಷನ್ ಕಾರ್ಡು ಹಿಡಿದು ಮೂವತ್ತು ಸಂಸಾರ ಅಂಗಡಿಯ ಮುಂದೆ ನಿಂತ ಹಾಗಾಯಿತು. ನಕಲಿಗೆ ಮೊದಲು ಗುರುತನ್ನು ಕಳಚುವ ಸಾಧನವನ್ನು ಮೈಕ್ರೋಸಾಫ್ಟ್ ಒದಗಿಸಬೇಕಾಯಿತು. ತೈವಾನಿನವರ ಕ್ಲೋನ್‌ಜಿಲ್ಲಾ ಇಂದು ಇದೇ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತದೆ, ಅದೂ ಸಾಮಾನ್ಯವಾಗಿ ಖಾಲಿ ಜಾಗವನ್ನು ಬಿಟ್ಟು.

ನಿಲ್ಲಿಸಲಾಗದ ಸರ್ವರಿನದು ಬೇರೆ ಕಷ್ಟ. ನಕಲಿಗೆ ನಾಲ್ಕು ಗಂಟೆ ಹಿಡಿದರೆ ಅದರ ಮೊದಲ ಭಾಗ ರಾತ್ರಿ ಹತ್ತರದು, ಕೊನೆಯ ಭಾಗ ಎರಡರದು. ಒಂದು ಖಾತೆಯಲ್ಲಿ ಹಣ ಕಳೆದಿರುವುದಿಲ್ಲ, ಇನ್ನೊಂದರಲ್ಲಿ ಕೂಡಿರುತ್ತದೆ. ಇದಕ್ಕೆ ‘ಸ್ನ್ಯಾಪ್‌ಶಾಟ್’ ಎಂಬ ಪರಿಹಾರ ಬಂತು. ಒಂದು ಕ್ಷಣವನ್ನು ಗೊತ್ತು ಮಾಡಿ, ಅನಂತರ ಬದಲಾಗುವ ಪ್ರತಿ ತುಣುಕಿನ ಹಳೆಯ ರೂಪವನ್ನು ಪಕ್ಕಕ್ಕಿಟ್ಟುಕೊಳ್ಳುವುದು ಅದರ ಒಂದು ರೀತಿ.

ಇಷ್ಟೆಲ್ಲ ಇದ್ದೂ ಆದದ್ದನ್ನು ನೋಡಿ. 1998ರಲ್ಲಿ ಪಿಕ್ಸಾರ್ ಸಂಸ್ಥೆ ‘ಟಾಯ್ ಸ್ಟೋರಿ 2’ ತಯಾರಿಸುತ್ತಿದ್ದಾಗ ಯಾರೋ ಎಲ್ಲವನ್ನೂ ಅಳಿಸುವ ಆಜ್ಞೆ ಕೊಟ್ಟರು. ಪರದೆಯ ಮುಂದಿದ್ದವರ ಕಣ್ಣೆದುರೇ ವುಡಿ ಗೊಂಬೆಯ ಟೋಪಿ ಮಾಯವಾಯಿತು, ಬೂಟು ಮಾಯವಾಯಿತು, ಆಮೇಲೆ ವುಡಿಯೇ ಇಲ್ಲ. ಟೇಪಿನ ಬ್ಯಾಕಪ್ ಸರಿಯಾಗಿರಲಿಲ್ಲ. ಯಾರಿಗೂ ಅದು ತಿಳಿದಿರಲಿಲ್ಲ. ಗ್ಯಾಲಿನ್ ಸುಸ್‌ಮನ್ ಎಂಬ ಮೇಲ್ವಿಚಾರಕಿ ಹಸುಗೂಸಿನ ತಾಯಿ. ಮನೆಯಲ್ಲಿದ್ದೇ ಕೆಲಸ ಮಾಡಲೆಂದು ಚಿತ್ರದ ಪ್ರತಿಯೊಂದು ಅವರ ಮನೆಯ ಯಂತ್ರದಲ್ಲಿತ್ತು. ಆ ಯಂತ್ರವನ್ನು ಕಂಬಳಿ ಸುತ್ತಿ, ಕಾರಿನ ಹಿಂದಿನ ಸೀಟಿಗೆ ಬೆಲ್ಟು ಬಿಗಿದು ತಂದರು. ಹಾಗೆ ಉಳಿಸಿದ ಚಿತ್ರದ ಬಹುಭಾಗವನ್ನು ಕಥೆ ಸರಿಬರಲಿಲ್ಲವೆಂದು ಆಮೇಲೆ ತಾವೇ ತೆಗೆದುಹಾಕಿ ಹೊಸದಾಗಿ ಮಾಡಿದರು, ಆ ಮಾತು ಬೇರೆ.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ತಡರಾತ್ರಿಯ ದಣಿವಿನಲ್ಲಿ ಒಂದು ಸರ್ವರೆಂದು ಇನ್ನೊಂದರಲ್ಲಿ ಅಳಿಸತೊಡಗಿದರು. ತಪ್ಪು ಅರಿವಾಗಿ ನಿಲ್ಲಿಸುವ ಹೊತ್ತಿಗೆ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು ನಾಲ್ಕೂವರೆ. ಬ್ಯಾಕಪ್ ಇಡಬೇಕಾದ ಜಾಗ ಖಾಲಿಯಾಗಿತ್ತು. ನಕಲು ಮಾಡುವ ತಂತ್ರಾಂಶದ ಆವೃತ್ತಿ ಹೊಂದದೆ ಪ್ರತಿಸಲವೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಪತ್ರಗಳೂ ತಲುಪುತ್ತಿರಲಿಲ್ಲ. ಕೈಹಿಡಿದದ್ದು, ಪರೀಕ್ಷೆಯ ಯಂತ್ರಕ್ಕೆ ಬೇಕೆಂದು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಸ್ನ್ಯಾಪ್‌ಶಾಟು. ಸುಮಾರು ಹದಿನೆಂಟು ಗಂಟೆ ಸೇವೆ ನಿಂತಿತ್ತು. ಆ ಆರು ಗಂಟೆಗಳ ಕೆಲಸ ಹೋದದ್ದು ಹೋಯಿತು.

ಎರಡು ಕಡೆಯೂ ಕಾಪಾಡಿದ ಪ್ರತಿ ಕಾಪಾಡಲೆಂದು ಮಾಡಿದ್ದಲ್ಲ. ಬೇರೊಂದು ಕೆಲಸಕ್ಕೆಂದು ತೆಗೆದದ್ದು. ಯಾರೋ ಅದನ್ನು ತೆರೆದು ಬಳಸುತ್ತಿದ್ದರು, ಆದ್ದರಿಂದ ಅದು ಜೀವಂತವಾಗಿತ್ತು.

1983ರ ನಂತರ ನಮ್ಮ ಮೇಲಧಿಕಾರಿಗಳು ಒಂದು ಪದ್ಧತಿ ಹಾಕಿದರು. ತಿಂಗಳ ಮೊದಲ ಶನಿವಾರ ಒಂದು ಟೇಪನ್ನು ಫೋರ್ಟಿನ ಇನ್ನೊಂದು ಕಚೇರಿಗೆ ಒಯ್ದು, ಅಲ್ಲಿಯ ಯಂತ್ರದಲ್ಲಿ ಓದಿಸಿ, ಒಂದು ಪುಟ ಅಚ್ಚು ಹಾಕಿಸಿ ತರಬೇಕು. ಲೋಕಲ್ ರೈಲಿನ ಮೋಟಾರು ಟೇಪನ್ನು ಅಳಿಸೀತೆಂದು ಅವರಿಗೆ ಹೆದರಿಕೆ. ಅದರಲ್ಲಿ ಹುರುಳಿರಲಿಲ್ಲ, ಆದರೆ ಅದರ ದೆಸೆಯಿಂದ ನನಗೆ ಟ್ಯಾಕ್ಸಿ ಸಿಕ್ಕಿತು. ಟೇಪನ್ನು ತೊಡೆಯ ಮೇಲಿಟ್ಟುಕೊಂಡು ಹೋಗಿ ಬರುತ್ತಿದ್ದೆ. ಮೊದಲ ಶನಿವಾರ ಅಚ್ಚಾದ ಪುಟ ನನ್ನ ಹಳೆಯ ಟ್ರಂಕಿನಲ್ಲಿ ಇನ್ನೂ ಇದೆ. ಅದರಲ್ಲಿರುವುದು ಜವಾನರ ಸಂಬಳದ ಪಟ್ಟಿ.