ಥೀಮ್ ಏನಿರ್ಲಿ ಮೇಡಂ?

ಹೋದ ತಿಂಗಳು ಒಂದು ಶನಿವಾರ, ಜಯನಗರದ ಕಾಫಿ ಅಂಗಡಿಯೊಂದರಲ್ಲಿ ನಾವು ಮೂರು ಜನ ಕೂತಿದ್ದೆವು. ನಾನು, ನನ್ನ ಹುಡುಗ, ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡ ವೆಡ್ಡಿಂಗ್ ಪ್ಲಾನರ್. ಸ್ಲೈಡುಗಳು ಒಂದರ ಹಿಂದೊಂದು ಬಂದವು. ರಾಜಸ್ಥಾನದ ಅರಮನೆ ಥೀಮ್, ಹಳೇ ಸಿನಿಮಾ ಪೋಸ್ಟರ್ ಥೀಮ್, ಆಮೇಲೆ ಮಲೆನಾಡು ಥೀಮ್: ಅಡಿಕೆ ಹಿಂಗಾರ, ಲಾಟೀನು, ಥರ್ಮಾಕೋಲಿನಲ್ಲಿ ಮಾಡಿದ ಹೆಂಚಿನ ಮನೆ. ನಾನು ಹುಟ್ಟಿದ್ದೇ ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಯಲ್ಲಿ. ಆ ಮನೆಯ ಥರ್ಮಾಕೋಲ್ ನಕಲಿಗೆ ರೇಟು ಕೇಳಿ ನಗು ಬಂತು.

"ಒಟ್ನಲ್ಲಿ ನಿಮ್ಮ ಮದುವೆ ನಿಮ್ಮ ಥರಾನೇ ಇರ್ಬೇಕು ಮೇಡಂ. ಥೀಮ್ ಏನಿರ್ಲಿ ಹೇಳಿ" ಅಂದ ಆತ.

ಪ್ಲಾನರ್‌ಗಳನ್ನು ಬೈಯೋಕೆ ಇದನ್ನು ಬರೀತಿಲ್ಲ. ಪಾಪದ ಹುಡುಗ, ಚೆನ್ನಾಗೇ ಕೆಲಸ ಮಾಡ್ತಾನೆ. ಆದರೆ ಹಿಂದಿನ ರಾತ್ರಿಯಷ್ಟೇ ಅಮ್ಮ ಫೋನಿನಲ್ಲಿ ಹೇಳಿದ್ದ ಮಾತು ನನ್ನ ತಲೆಯಲ್ಲಿ ಕೊರೀತಿತ್ತು. "ಧಾರೆಗೆ ಚಿಕ್ಕಪ್ಪ ಚಿಕ್ಕಮ್ಮನ್ನ ಕೂರಿಸೋಣ ಕಣೆ. ನಾನು ಅಡುಗೆ ಕಡೆ ನೋಡ್ಕೋತೀನಿ."

ಅಪ್ಪ ಹೋಗಿ ಎಂಟು ವರ್ಷ ಆಯ್ತು. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಅಮ್ಮನ ಮೇಷ್ಟ್ರು ಕೆಲಸದ ಸಂಬಳ. ಬೆಂಗಳೂರಿಗೆ ಬಂದಾಗ ಪಿಜಿಗೆ ಅಡ್ವಾನ್ಸ್ ಕೊಟ್ಟಿದ್ದೂ ಅವಳೇ. ಆದರೆ ಗಂಡ ಇಲ್ಲದವಳು ಧಾರೆ ಎರೆಯೋ ಹಾಗಿಲ್ಲ, ಆರತಿ ತಟ್ಟೆ ಹಿಡಿಯೋ ಹಾಗಿಲ್ಲ. ಇದನ್ನು ಅವಳಿಗೆ ಯಾರೂ ಹೇಳಬೇಕಾಗಿ ಬರಲಿಲ್ಲ. ತಾನೇ ಹಿಂದೆ ಸರಿದಳು.

"ಅಮ್ಮನ್ನ ಮಂಟಪದಲ್ಲಿ ಎಲ್ಲಿ ನಿಲ್ಲಿಸ್ತೀರಾ?" ಅಂತ ಪ್ಲಾನರ್‌ನ ಕೇಳಿದೆ. ಆತ ಸ್ವಲ್ಪ ತಡವರಿಸಿ, "ಅದು ಪುರೋಹಿತರ ಡಿಪಾರ್ಟ್‌ಮೆಂಟ್ ಮೇಡಂ, ನಾವು ಅದನ್ನ ಮುಟ್ಟಲ್ಲ" ಅಂದ.

ಹೂವು, ಲೈಟು, ಊಟದ ಮೆನು, ನಾಯಿಮರಿಗೆ ಹಾಕೋ ಶೇರ್ವಾನಿ, ಎಲ್ಲವನ್ನೂ ನಮಗೆ ಬೇಕಾದ ಹಾಗೆ ಬದಲಾಯಿಸಬಹುದು. ಮದುವೆ ಅನ್ನೋದು ನಿಜವಾಗಿ ನಡೆಯುವ ಆ ಅರ್ಧ ಗಂಟೆಯನ್ನು ಮಾತ್ರ ಮುಟ್ಟೋ ಹಾಗಿಲ್ಲ. ಹಾಗಾದರೆ ಅದನ್ನು ಯಾರೂ ಯಾವತ್ತೂ ಮುಟ್ಟೇ ಇಲ್ವಾ? ಅವತ್ತು ಮನೆಗೆ ಬಂದವಳು ಓದೋಕೆ ಕೂತೆ. ಮುಟ್ಟಿದವರಿದ್ದರು. ಅದಕ್ಕೆ ಬೆಲೆಯನ್ನೂ ಕಟ್ಟಿದ್ದರು.

ಮೊದಲು ಪುಣೆ. ಜೋತಿರಾವ್ ಫುಲೆ 1873ರ ಸೆಪ್ಟೆಂಬರ್‌ನಲ್ಲಿ ಸತ್ಯಶೋಧಕ ಸಮಾಜ ಕಟ್ಟಿದರು. ಅದೇ ಡಿಸೆಂಬರ್‌ನಲ್ಲಿ ಪುರೋಹಿತರಿಲ್ಲದ ಮೊದಲ ಸತ್ಯಶೋಧಕ ಮದುವೆ ನಡೆಯಿತು. ಸಾವಿತ್ರಿಬಾಯಿ ಫುಲೆ ಅದರ ಹಿಂದೆ ಟೊಂಕ ಕಟ್ಟಿ ನಿಂತಿದ್ದರು. 1887ರಲ್ಲಿ ಫುಲೆ ಈ ಮದುವೆಗಳಿಗೆಂದೇ ಮರಾಠಿಯಲ್ಲಿ ಹೊಸ ಮಂಗಳಾಷ್ಟಕಗಳನ್ನು ಬರೆದು ಅಚ್ಚು ಹಾಕಿಸಿದರು. ಅದರಲ್ಲಿ ಹುಡುಗಿಗೂ ಮಾತಿದೆ. ಹೆಂಗಸರಿಗೆ ಸ್ವಾತಂತ್ರ್ಯದ ಅನುಭವವೇ ಇಲ್ಲ, ನಮ್ಮ ಹಕ್ಕನ್ನು ನಮಗೆ ಕೊಡುತ್ತೇನೆಂದು ಆಣೆ ಮಾಡು ಅಂತ ಅವಳು ಕೇಳುತ್ತಾಳೆ. ಎಲ್ಲರೆದುರು ಹುಡುಗ ಒಪ್ಪಿಕೊಳ್ಳುತ್ತಾನೆ. ನಾವೀಗ ಇಂಗ್ಲಿಷ್ ಸಿನಿಮಾ ನೋಡಿ ಕಲಿತು ಬರೆದುಕೊಳ್ಳೋ "ಪರ್ಸನಲ್ ವೌಸ್" ಪುಣೆಯಲ್ಲಿ ಯಾವತ್ತೋ ಬಂದು ಹೋಗಿದೆ ಅಂತ ಗೊತ್ತಾದಾಗ ನಾನು ಆ ಪುಟವನ್ನು ಎರಡು ಸಲ ಓದಿದೆ.

ಇದು ಸುಮ್ಮನೆ ನಡೆಯಲಿಲ್ಲ. ಜುನ್ನರ್ ಹತ್ತಿರದ ಓತೂರಿನಲ್ಲಿ 1880ರ ದಶಕದಲ್ಲಿ ಹೀಗೆ ಪುರೋಹಿತರನ್ನು ಕರೆಯದೆ ಮದುವೆ ಮಾಡಿದಾಗ ಊರಿನ ಜೋಯಿಸರು ಕೋರ್ಟಿಗೆ ಹೋದರು. ಕರೆದಿದ್ದರೋ ಬಿಟ್ಟಿದ್ದರೋ, ದಕ್ಷಿಣೆ ನಮ್ಮ ಹಕ್ಕು ಅನ್ನೋದು ಅವರ ವಾದ. ವ್ಯಾಜ್ಯ ಬಾಂಬೆ ಹೈಕೋರ್ಟಿನವರೆಗೂ ಹೋಗಿ, ಕೊನೆಗೆ ಜೋಯಿಸರು ಸೋತರು.

ಇನ್ನೊಂದು ಕಥೆ ತಮಿಳುನಾಡಿನದು. 1920ರ ದಶಕದ ಕೊನೆಯಿಂದ ಪೆರಿಯಾರ್ ಸ್ವಾಭಿಮಾನ ಮದುವೆಗಳನ್ನು ಮಾಡಿಸತೊಡಗಿದರು. ಅಲ್ಲಿ ಪುರೋಹಿತರಿಲ್ಲ, ಸಂಸ್ಕೃತ ಮಂತ್ರವಿಲ್ಲ, ಅಗ್ನಿಯೂ ಇಲ್ಲ. ಹಾರ, ಒಪ್ಪಿಗೆಯ ಮಾತು, ಭಾಷಣ, ಅಷ್ಟೇ. ಸಾವಿರಾರು ಜನ ಹೀಗೆ ಮದುವೆಯಾದರು. ಆದರೆ 1953ರಲ್ಲಿ ಮದರಾಸು ಹೈಕೋರ್ಟು, ಒಂದು ಆಸ್ತಿ ವ್ಯಾಜ್ಯದಲ್ಲಿ, ಇಂಥ ಮದುವೆಗೆ ಕಾನೂನಿನ ಮಾನ್ಯತೆ ಇಲ್ಲ ಅಂದುಬಿಟ್ಟಿತು. ಯೋಚನೆ ಮಾಡಿ. ವರ್ಷಗಟ್ಟಲೆ ಸಂಸಾರ ಮಾಡಿದವರು ಕಾಗದದ ಮೇಲೆ ಗಂಡ ಹೆಂಡತಿ ಅಲ್ಲ. ಮಕ್ಕಳಿಗೆ ಆಸ್ತಿಯಲ್ಲಿ ಹಕ್ಕು ಇದೆಯೋ ಇಲ್ಲವೋ ಅನ್ನೋದೇ ಪ್ರಶ್ನೆ.

ಅಣ್ಣಾದೊರೈ ಮುಖ್ಯಮಂತ್ರಿಯಾದ ಮೇಲೆ, 1967ರಲ್ಲಿ, ಹಿಂದೂ ವಿವಾಹ ಕಾಯ್ದೆಗೆ 7ಎ ಅನ್ನೋ ಸೆಕ್ಷನ್ ಸೇರಿಸಿ ಹಳೆಯ ಸ್ವಾಭಿಮಾನ ಮದುವೆಗಳನ್ನೂ ಊರ್ಜಿತ ಮಾಡಿದರು. ಅದರಲ್ಲಿ ಒಂದು ಮಾತು ನನಗೆ ತುಂಬಾ ಹಿಡಿಸಿತು. ಬಂಧುಗಳು, ಸ್ನೇಹಿತರ ಎದುರು ಇಬ್ಬರೂ ತಮಗೆ ಅರ್ಥವಾಗುವ ಭಾಷೆಯಲ್ಲಿ ಪರಸ್ಪರ ಒಪ್ಪಿದ್ದೇವೆ ಎಂದು ಹೇಳಿದರೂ ಅದು ಮದುವೆಯೇ. ಅರ್ಥವಾಗುವ ಭಾಷೆ! ನಾನು ಈವರೆಗೆ ಹೋದ ಮದುವೆಗಳಲ್ಲಿ ವಧೂವರರಿಗೆ ತಾವು ಏನು ಪ್ರಮಾಣ ಮಾಡಿದೆವು ಅಂತ ಗೊತ್ತಿದ್ದದ್ದು ಬೆರಳೆಣಿಕೆಯಷ್ಟು ಸಲ.

ಪುಣೆ, ಮದರಾಸು ಎಲ್ಲ ಸುತ್ತಿ ಬಂದು ನಿಂತಿದ್ದು ನಮ್ಮೂರ ಪಕ್ಕದಲ್ಲೇ. ಚಿಕ್ಕವಳಿದ್ದಾಗ ಶಾಲೆಯಿಂದ ಕುಪ್ಪಳಿಗೆ ಪ್ರವಾಸ ಹೋಗಿದ್ದೆ. ಕವಿಮನೆ ನೋಡಿ, ಕವಿಶೈಲ ಹತ್ತಿ, ಚಿತ್ರಾನ್ನ ತಿಂದು ಬಂದಿದ್ದೆ. ಅಲ್ಲಿ ಒಂದು ಮದುವೆ ನಡೆದಿತ್ತು ಅನ್ನೋದು ಆಗ ತಲೆಗೆ ಹೋಗಿರಲಿಲ್ಲ.

1966ರಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನು ಕುಪ್ಪಳಿಯಲ್ಲಿ ಮಾಡಿದರು. ಆಗ ಅವರು ರಾಷ್ಟ್ರಕವಿ. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ ನಿವೃತ್ತರಾಗಿದ್ದವರು. ಮನಸ್ಸು ಮಾಡಿದ್ದರೆ ಮೈಸೂರಿನಲ್ಲಿ ಊರಿಗೆ ಊರೇ ಸೇರುವ ಮದುವೆ ಮಾಡಬಹುದಿತ್ತು. ಅವರು ಮಾಡಿದ್ದು ಮಂತ್ರಮಾಂಗಲ್ಯ. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಮುಹೂರ್ತ ರಾಹುಕಾಲಗಳ ಗೊಡವೆ ಇಲ್ಲ, ಆಡಂಬರ ಇಲ್ಲ.

ಪೆರಿಯಾರ್ ಮಂತ್ರವನ್ನೇ ಬಿಟ್ಟರು. ಕುವೆಂಪು ಬಿಡಲಿಲ್ಲ. ವೇದ, ಉಪನಿಷತ್ತುಗಳಿಂದ ತಮಗೆ ಒಪ್ಪಿಗೆಯಾದವನ್ನು ಆರಿಸಿ, ಪಕ್ಕದಲ್ಲಿ ಕನ್ನಡದ ಅರ್ಥ ಇಟ್ಟರು. ಅದರ ಜೊತೆಗೆ ವಧೂವರರಿಗೆಂದು ಒಂದು ಪ್ರಮಾಣ ಬರೆದರು. ಜಾತಿ ಮತಗಳ ಕಟ್ಟಿನಿಂದ ಹೊರಗೆ ಬರುವುದು, ಗಂಡು ಹೆಣ್ಣಿಗಿಂತ ಮೇಲಲ್ಲ ಅಂತ ಒಪ್ಪುವುದು, ಮೌಢ್ಯಕ್ಕೆ ಮಣಿಯದಿರುವುದು ಅದರ ಸಾರ. ಪುರೋಹಿತರ ಬಾಯಲ್ಲಿದ್ದ ಮಾತು ಮನೆಯವರ ಬಾಯಿಗೆ ಬಂತು. ಹಿರಿಯರು ಯಾರಾದರೂ ಆ ಪುಟ್ಟ ಪುಸ್ತಕ ಹಿಡಿದು ಓದಬಹುದು. ಮುಂದೆ 1980ರಲ್ಲಿ ರೈತ ಸಂಘ ಹುಟ್ಟಿದಾಗ ಸರಳ ಮದುವೆಯೂ ಚಳವಳಿಯ ಭಾಗವಾಗಿ ಹಳ್ಳಿಹಳ್ಳಿಗೆ ಹೋಯಿತು. ಮಗಳ ಮದುವೆಗೆ ಹೊಲ ಅಡವಿಟ್ಟವರಿಗೆ ಆ ಪುಸ್ತಕದ ಬೆಲೆ ಚೆನ್ನಾಗಿ ಗೊತ್ತಿತ್ತು.

ಓದಿ ಮುಗಿಸಿ ಮಾರನೇ ದಿನ ಅಮ್ಮನಿಗೆ ಫೋನ್ ಮಾಡಿದೆ. "ಧಾರೆ ಬೇಡ ಅಮ್ಮ. ನೀನು ಮಂತ್ರಮಾಂಗಲ್ಯ ಓದು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನಾಲ್ಕು ಜನ ಏನಂತಾರೆ?" ಅಂದಳು.

"ನಾಲ್ಕು ಜನಾನ ಕರೆಯೋದೇ ಬೇಡ" ಅಂತ ನಾನು ನಕ್ಕೆ. ಅವಳು ನಗಲಿಲ್ಲ. "ನಿಂಗೆ ತಮಾಷೆ. ನಾಳೆ ನಿಮಗೇನಾದ್ರೂ ಹೆಚ್ಚುಕಮ್ಮಿ ಆದ್ರೆ, ವಿಧವೆ ನಿಂತು ಮಾಡಿಸಿದ್ಲು, ಅದಕ್ಕೇ ಹೀಗಾಯ್ತು ಅಂತಾರೆ. ಅದನ್ನ ಕೇಳೋಳು ನಾನು." ಅವಳು ಅಡುಗೆ ಮನೆ ಕಡೆ ಸರಿದದ್ದು ಶಾಸ್ತ್ರಕ್ಕೆ ಹೆದರಿ ಅಂದುಕೊಂಡಿದ್ದೆ. ಅವಳು ಹೆದರಿದ್ದು ನನಗೋಸ್ಕರ. ನನಗೆ ಉತ್ತರ ಹೊಳೆಯಲಿಲ್ಲ. ಫೋನ್ ಇಟ್ಟೆವು.

ವಾರದ ನಂತರ ಊರಿಗೆ ಹೋದಾಗ ಪುಸ್ತಕವನ್ನು ಸುಮ್ಮನೆ ಟೀಪಾಯಿ ಮೇಲೆ ಇಟ್ಟೆ. ಅದರ ಬಗ್ಗೆ ಏನೂ ಹೇಳಲಿಲ್ಲ.

ಈ ಮಧ್ಯೆ ಕಾಗದ ಪತ್ರದ ಕೆಲಸ ಶುರು ಮಾಡಿದ್ದೇವೆ. ನಿಮ್ಮಲ್ಲೂ ಯಾರಾದರೂ ಈ ದಾರಿ ಯೋಚಿಸುತ್ತಿದ್ದರೆ ಇದನ್ನು ಮರೀಬೇಡಿ. ತಮಿಳುನಾಡಿನ 7ಎ ಥರದ ಸೆಕ್ಷನ್ ಕರ್ನಾಟಕದಲ್ಲಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ ಮದುವೆ ಅಂದರೆ ವಿಧಿಪೂರ್ವಕ ಆಚರಣೆ ನಡೆದಿರಲೇಬೇಕು ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದಕ್ಕೇ ನಾವು 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಕೊಡುತ್ತಿದ್ದೇವೆ. ಮೂವತ್ತು ದಿನ ಕಾಯಬೇಕು, ಮೂವರು ಸಾಕ್ಷಿ ಬೇಕು. ಮದರಾಸಿನ ಆ ದಂಪತಿಗಳಿಗೆ ಆದದ್ದು ನಮಗೆ ಆಗೋದು ಬೇಡ.

ಪ್ಲಾನರ್‌ಗೂ ಫೋನ್ ಮಾಡಿದೆ. ಸಂಜೆ ಊಟ, ಲೈಟು, ಫೋಟೋ ಅವನದೇ. ಥರ್ಮಾಕೋಲ್ ಮನೆ ಬೇಡ ಅಂದೆ. "ಮತ್ತೆ ಥೀಮು ಮೇಡಂ?" ಅಂದ. ಹೇಳ್ತೀನಿ ಇರು ಅಂದಿದ್ದೇನೆ.

ನಿನ್ನೆ ರಾತ್ರಿ ಅಮ್ಮ ತಾನೇ ಫೋನ್ ಮಾಡಿದಳು. ಅದೂ ಇದೂ ಮಾತಾಡಿದಳು. ಅಡಿಕೆ ರೇಟು, ಪಕ್ಕದ ಮನೆ ಹಸು, ಚಿಕ್ಕಮ್ಮನ ಮಂಡಿನೋವು. ಇಡುವ ಮೊದಲು, ಏನೋ ನೆನಪಾದವಳಂತೆ, "ಆ ಪುಸ್ತಕದಲ್ಲಿ ಅಕ್ಷರ ತುಂಬಾ ಸಣ್ಣಗಿದೆ ಕಣೆ" ಅಂದಳು. "ದೊಡ್ಡದು ಮಾಡಿ ಪ್ರಿಂಟ್ ತಗೊಂಡು ಬಾ. ಕನ್ನಡಕ ಹಾಕ್ಕೊಂಡ್ರೂ ತಡವರಿಸ್ತೀನಿ."