ಗುಂಪು ಸಮಾಜಕಾರ್ಯ: ಮಂಗಳೂರಿನ ವಿದ್ಯಾರ್ಥಿಗಳು ಮತ್ತು ಸಮ್ಮೇಳನಗಳು

ಕೆಲವೇ ಜನರ ಒಂದು ಗುಂಪಿನೊಂದಿಗೆ ವಾರವಾರವೂ ಕುಳಿತು, ಸದಸ್ಯರು ಒಬ್ಬರಿಗೊಬ್ಬರು ಆಸರೆಯಾಗುವಂತೆ ನಡೆಸುವ ವೃತ್ತಿಪರ ಕೆಲಸವೇ ಗುಂಪು ಸಮಾಜಕಾರ್ಯ. ಕನ್ನಡ ಪಠ್ಯಗಳಲ್ಲಿ ಇದಕ್ಕೆ ವೃಂದಗತ ಸಮಾಜಕಾರ್ಯ ಎಂಬ ಹೆಸರೂ ಇದೆ. ವ್ಯಕ್ತಿಗತ ಸಮಾಜಕಾರ್ಯ ಮತ್ತು ಸಮುದಾಯ ಸಂಘಟನೆಯೊಂದಿಗೆ ಇದನ್ನೂ ಸಮಾಜಕಾರ್ಯದ ಮೂಲ ವಿಧಾನವೆಂದು ಕಲಿಸುತ್ತಾರೆ. ಮಂಗಳೂರಿನಲ್ಲಿ ಈ ಕಲಿಕೆಗೆ ಆರು ದಶಕಗಳು ಸಂದಿವೆ. ವಿದ್ಯಾರ್ಥಿಗಳು ಗುಂಪಿನ ಅನುಭವವನ್ನು ಸಮ್ಮೇಳನದ ವೇದಿಕೆಗೆ ಕೊಂಡೊಯ್ಯುವ ರೂಢಿಯೂ ಈ ಕಲಿಕೆಯ ಜೊತೆಗೇ ಬೆಳೆದದ್ದು.

ಈ ವೃತ್ತಿ ರೂಪುಗೊಂಡದ್ದೇ ಸಮ್ಮೇಳನಗಳಲ್ಲಿ. ಲಂಡನ್ನಿನ ಟಾಯ್ನ್‌ಬಿ ಹಾಲ್ (1884), ಶಿಕಾಗೋದ ಹಲ್ ಹೌಸ್ (1889) ಮುಂತಾದ ನೆರೆಹೊರೆ ಕೇಂದ್ರಗಳಲ್ಲಿ ಗುಂಪು ಚಟುವಟಿಕೆ ಮೊದಲೇ ಇತ್ತು. ಆದರೆ ಅಮೆರಿಕದ ರಾಷ್ಟ್ರೀಯ ಸಮಾಜಕಾರ್ಯ ಸಮ್ಮೇಳನ ಅದಕ್ಕೆಂದೇ ಒಂದು ವಿಭಾಗ ತೆರೆದದ್ದು 1935ರಲ್ಲಿ. ಅದರ ಮುಂಚೂಣಿಯಲ್ಲಿದ್ದ ಗ್ರೇಸ್ ಕಾಯ್ಲ್ ಅವರ ಗೌರವಾರ್ಥ 1979ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ನಡೆದ ವಿಚಾರಗೋಷ್ಠಿಯಿಂದ ಮುಂದೆ ಗುಂಪು ಸಮಾಜಕಾರ್ಯದ ಅಂತರರಾಷ್ಟ್ರೀಯ ಸಂಘಟನೆ ಹುಟ್ಟಿಕೊಂಡಿತು. ಭಾರತದಲ್ಲಿ ಕ್ಲಿಫರ್ಡ್ ಮ್ಯಾನ್‌ಷಾರ್ಟ್ 1926ರಲ್ಲಿ ಮುಂಬಯಿಯ ನಾಗಪಾಡಾದಲ್ಲಿ ನೆರೆಹೊರೆ ಕೇಂದ್ರ ನಡೆಸತೊಡಗಿದರು. 1936ರಲ್ಲಿ ಅಲ್ಲಿಯೇ ದೇಶದ ಮೊದಲ ಸಮಾಜಕಾರ್ಯ ಶಾಲೆ ಆರಂಭವಾಯಿತು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ.

ಮಂಗಳೂರಿಗೆ ಸಮಾಜಸೇವೆ ಹೊಸದಾಗಿರಲಿಲ್ಲ. ಕುದ್ಮುಲ್ ರಂಗರಾಯರು ದಲಿತರಿಗಾಗಿ 1897ರಲ್ಲಿ ಇಲ್ಲಿ ಸಂಸ್ಥೆ ಕಟ್ಟಿದ್ದರು. ಫಾದರ್ ಮುಲ್ಲರ್ ಅವರ ಔಷಧಾಲಯ 1880ರಿಂದ ಕಂಕನಾಡಿಯಲ್ಲಿತ್ತು. ಹೊಸತೆಂದರೆ, ಸೇವೆಯನ್ನು ಕಲಿತು ಮಾಡಬೇಕಾದ ವೃತ್ತಿಯೆಂದು ಕಂಡದ್ದು. ಡಾಟರ್ಸ್ ಆಫ್ ದ ಹಾರ್ಟ್ ಆಫ್ ಮೇರಿ ಎಂಬ ಕ್ರೈಸ್ತ ಸ್ತ್ರೀ ಧರ್ಮಸಂಸ್ಥೆ 1955ರಲ್ಲಿ ಮುಂಬಯಿಯಲ್ಲಿ ನಿರ್ಮಲಾ ನಿಕೇತನ ಎಂಬ ಸಮಾಜಕಾರ್ಯ ಕಾಲೇಜನ್ನು ತೆರೆದಿತ್ತು. ಅದೇ ಸಂಸ್ಥೆ 1960ರಲ್ಲಿ ಮಂಗಳೂರಿನಲ್ಲಿ ಸ್ಕೂಲ್ ಆಫ್ ಸೋಷಿಯಲ್ ವರ್ಕ್ ಸ್ಥಾಪಿಸಿತು. ವೆಲೆನ್ಸಿಯಾದಲ್ಲಿರುವ ಈ ಕಾಲೇಜು ಊರಿನವರ ಬಾಯಲ್ಲಿ ಬರೀ ‘ರೋಶನಿ ನಿಲಯ’. ರಾಜ್ಯದ ಅತಿ ಹಳೆಯ ಸಮಾಜಕಾರ್ಯ ಕಾಲೇಜುಗಳಲ್ಲಿ ಅದೂ ಒಂದು. ಅದರ ಪ್ರಾಂಶುಪಾಲರಾಗಿದ್ದ ಡಾ. ಒಲಿಂಡಾ ಪಿರೇರಾ ಮುಂದೆ ವಿಶ್ವಾಸ್ ಟ್ರಸ್ಟಿನ ಮೂಲಕ ಹಿರಿಯ ನಾಗರಿಕರಿಗಾಗಿ ದುಡಿದರು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮುಂದೆ ಕೊಣಾಜೆಯಲ್ಲಿರುವ ಅದರ ಮಂಗಳಗಂಗೋತ್ರಿ ಆವರಣದಲ್ಲೂ ಸಂತ ಅಲೋಶಿಯಸ್ ಕಾಲೇಜಿನಲ್ಲೂ ಸಮಾಜಕಾರ್ಯದ ಸ್ನಾತಕೋತ್ತರ (ಎಂ.ಎಸ್.ಡಬ್ಲ್ಯು.) ತರಗತಿಗಳು ಬಂದವು.

ವಿದ್ಯಾರ್ಥಿ ಪಾಲ್ಗೊಳ್ಳುವ ಮೊದಲ ಸಮ್ಮೇಳನ ನಡೆಯುವುದು ಕಾಲೇಜಿನ ಪುಟ್ಟ ಕೋಣೆಯಲ್ಲಿ. ಸಮಾಜಕಾರ್ಯ ಕಾಲೇಜುಗಳಲ್ಲಿ ‘ಗ್ರೂಪ್ ಕಾನ್ಫರೆನ್ಸ್’ ಎನ್ನುವುದು ಇದನ್ನೇ. ಒಬ್ಬ ಅಧ್ಯಾಪಕರ ಮಾರ್ಗದರ್ಶನದಲ್ಲಿರುವ ವಿದ್ಯಾರ್ಥಿಗಳು ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ತಮ್ಮ ಫೀಲ್ಡ್ ವರ್ಕ್ ಕುರಿತು ಬರೆದುಕೊಂಡು ಬಂದದ್ದನ್ನು ಓದುತ್ತಾರೆ, ಉಳಿದವರು ಪ್ರಶ್ನೆ ಹಾಕುತ್ತಾರೆ, ಇನ್ನೊಬ್ಬರು ವರದಿ ಬರೆದುಕೊಳ್ಳುತ್ತಾರೆ. ಫೀಲ್ಡ್ ವರ್ಕಿನ ಗುಂಪಿನಲ್ಲಿ ಯಾರು ಮಾತಾಡಿದರು, ಯಾರು ಸುಮ್ಮನಿದ್ದರು, ಯಾರ ಮಾತಿಗೆ ಯಾರು ತಿರುಗಿ ನೋಡಿದರು ಎಂಬುದೆಲ್ಲ ರೆಕಾರ್ಡಿನಲ್ಲಿರಬೇಕು. ಜೇಕಬ್ ಮೊರೆನೊ 1930ರ ದಶಕದಲ್ಲಿ ಬಳಕೆಗೆ ತಂದ ಸೋಷಿಯೋಗ್ರಾಮ್ ಇಲ್ಲಿ ನೆರವಿಗೆ ಬರುತ್ತದೆ. ಸದಸ್ಯರಿಗೊಂದೊಂದು ಸೊನ್ನೆ, ಒಲವಿಗೊಂದು ಬಾಣ. ಒಂದೂ ಬಾಣ ಮುಟ್ಟದ ಸೊನ್ನೆ ಎದ್ದು ಕಂಡಾಗ, ಎರಡು ತಿಂಗಳಿಂದ ಮೂಲೆಯಲ್ಲಿ ಕೂರುತ್ತಿದ್ದ ಆ ಹುಡುಗನ ಹೆಸರನ್ನು ತಾನಿನ್ನೂ ಕೇಳಿಲ್ಲವೆಂಬುದು ವಿದ್ಯಾರ್ಥಿಗೆ ಹೊಳೆಯುತ್ತದೆ. ದೊಡ್ಡ ಸಮ್ಮೇಳನಗಳಿಗಿಂತ ಹೆಚ್ಚಿನದನ್ನು ಈ ಕೋಣೆ ಕಲಿಸಿದೆ ಎಂದರೆ ತಪ್ಪಾಗದು.

ದಕ್ಷಿಣ ಕನ್ನಡದಲ್ಲಿ ಗುಂಪುಗಳಿಗೆ ಬರವಿಲ್ಲ. ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂಡಳಿ ಇಲ್ಲದ ಊರು ಅಪರೂಪ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ (1982) ಸಣ್ಣ ರೈತರನ್ನು ‘ಪ್ರಗತಿಬಂಧು’ ಗುಂಪುಗಳಲ್ಲಿ ಸೇರಿಸಿತು. ವಾರಕ್ಕೊಂದು ದಿನ ಒಬ್ಬರ ಗದ್ದೆತೋಟದಲ್ಲಿ ಎಲ್ಲರೂ ದುಡಿಯುವ ಪದ್ಧತಿ ಅದು. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳಿಗೆ ಬ್ಯಾಂಕಿನ ಬಾಗಿಲು ತೆರೆಸಿದ ಮೇಲೆ ಮನೆಮನೆಯ ಹೆಂಗಸರೂ ಯಾವುದಾದರೊಂದು ಸಂಘದ ಸದಸ್ಯೆಯರಾದರು. ಹಿಲ್ಡಾ ರಾಯಪ್ಪನ್ ಕಟ್ಟಿದ ಪ್ರಜ್ಞಾ ಸಲಹಾ ಕೇಂದ್ರದಂಥ ಸಂಸ್ಥೆಗಳು ನಗರದಲ್ಲೇ ಇವೆ. ಹಾಗಾಗಿ ಇಲ್ಲಿನ ವಿದ್ಯಾರ್ಥಿಗೆ ಎದುರಾಗುವ ಸವಾಲು ಗುಂಪು ಕಟ್ಟುವುದಲ್ಲ. ಸಾಲದ ಕಂತು, ಉಳಿತಾಯದ ಪುಸ್ತಕದಲ್ಲೇ ಮುಗಿದುಹೋಗುವ ಸಭೆಯನ್ನು ಮನಸ್ಸು ಬಿಚ್ಚುವ ಜಾಗವಾಗಿ ಮಾಡುವುದು ಅವರ ಮುಂದಿರುವ ಕೆಲಸ.

ಬೀಡಿ ಕಟ್ಟುವ ಹೆಂಗಸರ ಗುಂಪನ್ನೇ ನೋಡಬಹುದು. ಸಭೆಯೆಂದು ಯಾರೂ ಕೆಲಸ ಬಿಟ್ಟು ಬರುವುದಿಲ್ಲ. ತೊಡೆಯ ಮೇಲೆ ತಡ್ಪೆ ಎಂಬ ಮೊರ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಕತ್ತರಿಯ ಸದ್ದಿನ ನಡುವೆಯೇ ಮಾತು. ನಾಳೆ ಬೀಡಿ ಕಂಪನಿಯ ಬ್ರಾಂಚಿಗೆ ಒಪ್ಪಿಸಬೇಕಾದ ಬೀಡಿಯ ಲೆಕ್ಕ ಎಲ್ಲರ ತಲೆಯಲ್ಲೂ ಇರುತ್ತದೆ. ಗಂಡನ ಕುಡಿತದ ಮಾತು ಬಂದಾಗ ಒಬ್ಬಳ ಕೈ ಅರೆಕ್ಷಣ ನಿಲ್ಲುತ್ತದೆ. ಪಕ್ಕದವಳು ಏನೂ ಹೇಳದೆ ತಾನು ಕತ್ತರಿಸಿಟ್ಟ ಎಲೆಗಳಲ್ಲಿ ಒಂದು ಹಿಡಿಯನ್ನು ಅವಳ ತಡ್ಪೆಗೆ ಹಾಕುತ್ತಾಳೆ. ಗುಂಪು ಸಮಾಜಕಾರ್ಯದ ಪಠ್ಯ ‘ಪರಸ್ಪರ ನೆರವು’ ಎಂದು ಕರೆಯುವುದು ಇದನ್ನೇ. ಈ ಮಾತೆಲ್ಲ ನಡೆಯುವುದು ತುಳುವಿನಲ್ಲಿ, ಕೆಲವು ಕೇರಿಗಳಲ್ಲಿ ಬ್ಯಾರಿಯಲ್ಲಿ, ಕೆಲವೆಡೆ ಕೊಂಕಣಿಯಲ್ಲಿ. ಸಮ್ಮೇಳನದ ಪ್ರಬಂಧ ಮಾತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ತುಳುವಿನಿಂದ ಇಂಗ್ಲಿಷಿಗೆ ಹೋಗುವಾಗ ಆ ಒಂದು ಹಿಡಿ ಎಲೆ ಜಾರಿಹೋಗಿ, ‘ಸದಸ್ಯರಲ್ಲಿ ಒಗ್ಗಟ್ಟು ಕಂಡುಬಂತು’ ಎಂಬ ಒಣ ವಾಕ್ಯವಷ್ಟೇ ಉಳಿಯುತ್ತದೆ. ಇಲ್ಲಿನ ಸಮ್ಮೇಳನ ಪರಂಪರೆಯ ದೊಡ್ಡ ನಷ್ಟವೆಂದರೆ ಇದೇ.

ಕನ್ನಡದಲ್ಲಿ ಈ ವೃತ್ತಿಯ ಪರಿಭಾಷೆಯನ್ನು ಕಟ್ಟಲು ದುಡಿದವರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಎಚ್.ಎಂ. ಮರುಳಸಿದ್ಧಯ್ಯ ಪ್ರಮುಖರು. ಸಮಾಜಕಾರ್ಯವನ್ನು ಜನರ ಮಾತಿನಲ್ಲೇ ಯೋಚಿಸಬೇಕೆಂಬ ಅವರ ನಿಲುವಿಗೆ ಕರಾವಳಿಯ ಬಹುಭಾಷಾ ಗುಂಪುಗಳಿಗಿಂತ ಒಳ್ಳೆಯ ಸಮರ್ಥನೆ ಸಿಗದು. ವೃತ್ತಿನಿರತರ ಸಂಘಟನೆಗಳಲ್ಲಿ 1970ರಲ್ಲಿ ರಾಂಚಿಯಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಆರಂಭಿಸಿದ ಸಂಘ ಮುಖ್ಯವಾದದ್ದು. ಮುಂದೆ ಅದು ಇಂಡಿಯನ್ ಸೊಸೈಟಿ ಆಫ್ ಪ್ರೊಫೆಷನಲ್ ಸೋಷಿಯಲ್ ವರ್ಕ್ ಎಂಬ ಹೆಸರಿನಲ್ಲಿ ಎಲ್ಲ ಕ್ಷೇತ್ರದವರನ್ನೂ ಒಳಗೊಂಡಿತು. ಇಂಥ ಸಂಘಗಳ ಸಮ್ಮೇಳನಗಳಲ್ಲಿ ಗುಂಪು ಸಮಾಜಕಾರ್ಯಕ್ಕೆ ಸಾಮಾನ್ಯವಾಗಿ ಸಿಗುವುದು ಒಂದೆರಡು ಗೋಷ್ಠಿ.

ಸಮ್ಮೇಳನಗಳಲ್ಲಿ ವಿದ್ಯಾರ್ಥಿಗಳ ಪಾತ್ರ ಎರಡು ಬಗೆಯದು. ನೋಂದಣಿ ಮೇಜು, ಬ್ಯಾಡ್ಜು, ಊಟದ ಕೂಪನ್ನು, ಅತಿಥಿಗಳನ್ನು ಸ್ಟೇಷನ್ನಿನಿಂದ ಕರೆತರುವುದು ಒಂದು. ಇದನ್ನು ಕೀಳೆಂದು ಎಣಿಸಬೇಕಾಗಿಲ್ಲ. ಒಂದು ಸಮಿತಿ ಜಗಳವಾಡಿ, ಹೊಂದಿಕೊಂಡು, ಕೆಲಸ ಮುಗಿಸುವುದೂ ಗುಂಪಿನ ಪಾಠವೇ. ಪ್ರಬಂಧ ಅಥವಾ ಪೋಸ್ಟರ್ ಮಂಡಿಸುವುದು ಇನ್ನೊಂದು. ಪುಸ್ತಕದ ವ್ಯಾಖ್ಯೆಗಳನ್ನು ಜೋಡಿಸಿದ ಪ್ರಬಂಧಕ್ಕಿಂತ, ಹತ್ತು ಸಭೆಗಳ ಗುಂಪಿನಲ್ಲಿ ಐದನೆಯದು ಏಕೆ ಮುರಿದುಬಿತ್ತು ಎಂದು ಪ್ರಾಮಾಣಿಕವಾಗಿ ಹೇಳುವ ಪ್ರಬಂಧದ ತೂಕ ಹೆಚ್ಚು. ಅನುಭವಿ ಕಾರ್ಯಕರ್ತರೂ ಕಿವಿಗೊಡುವುದು ಅಂಥದ್ದಕ್ಕೇ.

ಗುಂಪಿನ ಬೆಳವಣಿಗೆಯ ನಾಲ್ಕು ಹಂತಗಳನ್ನು 1965ರಲ್ಲಿ ಹೇಳಿದ್ದ ಬ್ರೂಸ್ ಟಕ್ಮನ್, 1977ರಲ್ಲಿ ಐದನೆಯದಾಗಿ ಬೀಳ್ಕೊಡುಗೆಯನ್ನು ಸೇರಿಸಿದರು. ವಿದ್ಯಾರ್ಥಿಗಳ ರೆಕಾರ್ಡಿನಲ್ಲಿ ಅದು ‘ಟರ್ಮಿನೇಷನ್’ ಎಂಬ ತಲೆಬರಹದಡಿ ಬರುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಕೊನೆಯ ಸಭೆ. ಒಂದು ಹಾಡು, ಒಂದು ಫೋಟೋ, ಚಹಾ, ಅವಲಕ್ಕಿ. ಜಗಲಿಯಿಂದ ಇಳಿಯುವಾಗ ವಿದ್ಯಾರ್ಥಿನಿ ಹೇಳುವುದು ತುಳುವಿನ ‘ಪೋದು ಬರ್ಪೆ’, ಎಂದರೆ ಹೋಗಿ ಬರುತ್ತೇನೆ. ಮುಂದಿನ ವರ್ಷ ಹೊಸ ತಂಡ ಅದೇ ಜಗಲಿಗೆ ಹೋದಾಗ ಹೆಂಗಸರು ಮೊದಲು ಕೇಳುವುದು, ಕಳೆದ ವರ್ಷದ ಆ ಹುಡುಗಿ ಎಲ್ಲಿದ್ದಾಳೆ ಎಂದು.